‘ದಿ ಔಟ್‌ಸೈಡರ್ಸ್’ ಮೊದಲ ಅಧ್ಯಾಯದಲ್ಲೇ ನಿಂತುಹೋದರೆ

ಎಂಟನೆಯ ತರಗತಿಯ ನಿಮ್ಮ ಮಗಳು ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ ಕಾದಂಬರಿಯನ್ನು ಮೊದಲ ಅಧ್ಯಾಯದಲ್ಲೇ ಕೆಳಗಿಟ್ಟಿರುವುದಕ್ಕೆ ನೀವು ಊಹಿಸಿದಂತೆ ಇಂಗ್ಲಿಷ್ ಕಾರಣವಾಗಿರಲಾರದು. 14 ವರ್ಷದ ನಿರೂಪಕ ಪೋನಿಬಾಯ್ ಅದೊಂದೇ ಅಧ್ಯಾಯದಲ್ಲಿ ತನ್ನ ಗುಂಪಿನ ಆರೂ ಜನರನ್ನು ಪರಿಚಯಿಸಿಬಿಡುವುದರಿಂದ ಹೆಸರುಗಳು ಕಲಸಿಹೋಗುತ್ತವೆ. ನನ್ನ ಮಗನೂ ಅಲ್ಲಿಯೇ ನಿಂತಿದ್ದ.

ಮೊದಲು ಒಂದು ಹಾಳೆಯ ಎಡಕ್ಕೆ ಊರಿನ ಪೂರ್ವಭಾಗದ ಬಡ ಹುಡುಗರಾದ ಗ್ರೀಸರ್‌ಗಳನ್ನೂ ಬಲಕ್ಕೆ ಪಶ್ಚಿಮಭಾಗದ ಸಿರಿವಂತ ಸೋಶ್‌ಗಳನ್ನೂ ಬರೆಸಿ. ತಂದೆತಾಯಿ ತೀರಿಕೊಂಡ ಮೇಲೆ ಮನೆ ನಡೆಸುವ 20 ವರ್ಷದ ಡ್ಯಾರಿ, ಸೋಡಾಪಾಪ್ ಮತ್ತು ಪೋನಿಬಾಯ್ ಅಣ್ಣತಮ್ಮಂದಿರು. ಈ ಮೂವರ ಸುತ್ತ ಒಂದು ಗೆರೆ ಎಳೆಯಲಿ. ಸೋಡಾಪಾಪ್ ಎಂಬುದು ಅಡ್ಡಹೆಸರಲ್ಲ, ಇಟ್ಟ ಹೆಸರೇ. ಉಳಿದವರಲ್ಲಿ ಸದ್ಯಕ್ಕೆ ಜಾನಿ, ಡ್ಯಾಲಿ ಇಬ್ಬರು ನೆನಪಿದ್ದರೆ ಸಾಕು.

ಆಮೇಲೆ ಎರಡು ಮತ್ತು ಮೂರನೆಯ ಅಧ್ಯಾಯಗಳನ್ನು ಜೊತೆಯಲ್ಲಿ ಕುಳಿತು ಓದಿ. ಸಿರಿವಂತರ ಹುಡುಗಿ ಚೆರಿ ತನ್ನ ಮನೆಯಂಗಳದಿಂದ ನೋಡುವ ಸೂರ್ಯಾಸ್ತವೂ ತಾನು ಹಿತ್ತಿಲ ಮೆಟ್ಟಿಲ ಮೇಲಿಂದ ನೋಡುವ ಸೂರ್ಯಾಸ್ತವೂ ಒಂದೇ ಇರಬೇಕೆಂದು ಪೋನಿಬಾಯ್‌ಗೆ ಹೊಳೆಯುವ ಸಾಲುಗಳ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಕಾದಂಬರಿಯ ಜೀವ ಅಲ್ಲಿದೆಯೆಂದು ನನ್ನ ನಂಬಿಕೆ.

ನಾಲ್ಕನೆಯ ಅಧ್ಯಾಯದಲ್ಲಿ ಉದ್ಯಾನದ ಕಾರಂಜಿಯ ಬಳಿ ಒಂದು ಕೊಲೆಯಾಗುತ್ತದೆ, ಮುಂದೆಯೂ ಸಾವುಗಳಿವೆ. ಅವಳ ಮನಸ್ಸು ಮೃದುವಾಗಿದ್ದರೆ ಅಷ್ಟನ್ನು ಮೊದಲೇ ತಿಳಿಸಿ. 1967ರಲ್ಲಿ ಪ್ರಕಟವಾದ ಈ ಕೃತಿಯ ಬಹುಭಾಗವನ್ನು ಲೇಖಕಿ 16ನೆಯ ವಯಸ್ಸಿನಲ್ಲಿ ಬರೆದರೆಂಬ ಸಂಗತಿಯೇ ನನ್ನ ಮಗನನ್ನು ಹಿಡಿದು ಕೂರಿಸಿತು, ನಿಮ್ಮ ಮಗಳಿಗೂ ಹಾಗಾದೀತೆಂದು ಖಚಿತವಾಗಿ ಹೇಳಲಾರೆ. ಐದನೆಯ ಅಧ್ಯಾಯ ತಲುಪಿದ ಮೇಲೆ ಅವಳ ಪಾಡಿಗೆ ಅವಳನ್ನು ಓದಲು ಬಿಡಿ.