ಕೈಯಲ್ಲಿ ಏನಿದೆ ಅಂತ ನೋಡಿಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇದ್ದವು. ಅದಕ್ಕೇ ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ಹನ್ನೆರಡು ವರ್ಷದಿಂದ ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕೊಟ್ಟ ಕೆಲಸ ಅಚ್ಚುಕಟ್ಟಾಗಿ ಮುಗಿಸುತ್ತಾಳೆ ಅಂತ ಹೆಸರಿದೆ. ಹೋದ ತಿಂಗಳು ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾದರು, ಆ ಜಾಗಕ್ಕೆ ನನ್ನನ್ನು ಹಾಕಿದ್ದಾರೆ. ಹದಿನಾಲ್ಕು ಜನ ನನ್ನ ಕೈಕೆಳಗೆ. ಅದರಲ್ಲಿ ಮೂವರು ನನಗಿಂತ ಹಿರಿಯರು, ಒಬ್ಬರಂತೂ ನನಗೆ ಕೆಲಸ ಕಲಿಸಿದವರು. ಬೇಡ ಅನ್ನಲು ಬಾಯಿ ಬರಲಿಲ್ಲ, ಹೂಂ ಅಂದು ಬಂದೆ. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಬರುವ ಸೋಮವಾರ ಮೊದಲ ಮೀಟಿಂಗ್. ನಾನು ದೇವರನ್ನು ನಂಬುವವಳು, ದಿನಾ ಪ್ರಾರ್ಥನೆ ಮಾಡುವವಳು. ಆದರೂ ಎದೆ ಡವಡವ ಅನ್ನುವುದು ನಿಂತಿಲ್ಲ. ಇಷ್ಟು ಹೆದರಿಕೆ ಇದೆ ಅಂದರೆ ನನ್ನ ನಂಬಿಕೆಯೇ ಟೊಳ್ಳು ಅಂತ ಅಲ್ವಾ? ಧೈರ್ಯ ಬರುವುದಕ್ಕೆ ಏನು ಮಾಡಲಿ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭಯಕ್ಕಿಂತ ಜಾಸ್ತಿ ನಿಮ್ಮನ್ನು ಕಾಡುತ್ತಿರುವುದು ‘ನನಗೆ ಭಯ ಆಗುತ್ತಿದೆಯಲ್ಲ’ ಅನ್ನುವ ನಾಚಿಕೆ. ಮೊದಲು ಅದನ್ನು ತಲೆಯಿಂದ ಇಳಿಸಿ. ದೇವರನ್ನು ನಂಬುವವರ ಎದೆ ಹೊಡೆದುಕೊಳ್ಳುವುದೇ ಇಲ್ಲ ಅಂತ ನಿಮಗೆ ಯಾರು ಹೇಳಿದರು? ಗೀತೆ ಶುರುವಾಗುವುದೇ ಅಷ್ಟು ದೊಡ್ಡ ಬಿಲ್ಲುಗಾರನ ಕೈಯಿಂದ ಗಾಂಡೀವ ಜಾರುವುದರೊಂದಿಗೆ. ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಚರ್ಮ ಸುಡುತ್ತಿದೆ, ನಿಲ್ಲಲು ಆಗುತ್ತಿಲ್ಲ, ತಲೆ ಸುತ್ತುತ್ತಿದೆ ಅಂತ ಅರ್ಜುನ ಒಂದೊಂದಾಗಿ ಹೇಳಿಕೊಳ್ಳುತ್ತಾನೆ. ಅವನಿಗೆ ಸಾಯುವ ಹೆದರಿಕೆ ಇರಲಿಲ್ಲ. ತನ್ನವರ ಎದುರು ನಿಲ್ಲಬೇಕಲ್ಲ ಅನ್ನುವ ಸಂಕಟ. ಬಿಲ್ವಿದ್ಯೆ ಕಲಿಸಿದ ದ್ರೋಣರೇ ಎದುರಿಗಿದ್ದಾರೆ. ನಿಮಗೆ ಕೆಲಸ ಕಲಿಸಿದವರೇ ಈಗ ನಿಮ್ಮ ಕೈಕೆಳಗೆ ಇದ್ದಾರೆ ಅಂತ ಓದಿದಾಗ ನನಗೆ ನೆನಪಾದದ್ದು ಇದೇ. ಎರಡನೆಯ ಅಧ್ಯಾಯದಲ್ಲಿ ಅವನು ‘ನನಗೆ ಏನೂ ತೋಚುತ್ತಿಲ್ಲ, ನಾನು ನಿನ್ನ ಶಿಷ್ಯ, ಹೇಳಿಕೊಡು’ ಅಂತ ಕೇಳಿಕೊಂಡ ಮೇಲೆಯೇ ಕೃಷ್ಣನ ಉಪದೇಶ ಶುರುವಾಗುವುದು. ನಡುಗುತ್ತಿದ್ದವನು ಬಾಯಿಬಿಟ್ಟು ಕೇಳಿದ, ಅಷ್ಟೇ.

ಇನ್ನೊಂದು ಕಥೆ ಇದೆ, ನಾಯಕತ್ವದ ಮಾತು ಬಂದಾಗಲೆಲ್ಲ ನಾನು ಮತ್ತೆ ಮತ್ತೆ ಹೋಗುವುದು ಅಲ್ಲಿಗೇ. ಬೈಬಲಿನ ಮೋಶೆಯದು. ಮಾವನ ಕುರಿ ಮೇಯಿಸಿಕೊಂಡಿದ್ದವನು. ಉರಿಯುವ ಪೊದೆಯೊಳಗಿಂದ ದೇವರು ಕರೆದು, ಈಜಿಪ್ಟಿಗೆ ಹೋಗಿ ಅಲ್ಲಿ ಗುಲಾಮರಾಗಿರುವ ನಿನ್ನ ಜನರನ್ನು ಬಿಡಿಸಿಕೊಂಡು ಬಾ ಅಂದಾಗ ಮೋಶೆ ಒಂದಾದ ಮೇಲೊಂದು ನೆಪ ಹೇಳುತ್ತಾನೆ. ನಾನು ಎಷ್ಟರವನು? ನಿನ್ನನ್ನು ಕಳಿಸಿದ ದೇವರ ಹೆಸರೇನು ಅಂತ ಜನ ಕೇಳಿದರೆ ಏನು ಹೇಳಲಿ? ಅವರು ನಂಬದಿದ್ದರೆ? ನನಗೆ ಮಾತು ಬರುವುದಿಲ್ಲ. ಕೊನೆಗೆ, ದಯವಿಟ್ಟು ಬೇರೆ ಯಾರನ್ನಾದರೂ ಕಳಿಸು. ‘ನಾನು ಎಷ್ಟರವನು’ ಅನ್ನುವ ಪ್ರಶ್ನೆಗೆ ದೇವರು ‘ನೀನು ತುಂಬಾ ಸಮರ್ಥ, ನಿನ್ನಲ್ಲಿ ಅಪಾರ ಶಕ್ತಿ ಇದೆ’ ಅಂತೆಲ್ಲ ಬೆನ್ನು ತಟ್ಟುವುದಿಲ್ಲ. ‘ನಾನು ನಿನ್ನ ಜೊತೆ ಇರುತ್ತೇನೆ’ ಅನ್ನುತ್ತಾನೆ, ಅಷ್ಟೇ. ಮುಂದೆ ಒಂದು ಕಡೆ ಕೇಳುತ್ತಾನೆ: ನಿನ್ನ ಕೈಯಲ್ಲಿ ಇರುವುದೇನು? ಮೋಶೆ ಹೇಳುತ್ತಾನೆ, ಒಂದು ಕೋಲು. ಕುರಿ ಕಾಯುವ ಕೋಲು. ದೊರೆಯ ಆಸ್ಥಾನಕ್ಕೆ ಅವನು ಹೊಸ ಕತ್ತಿ ಹಿಡಿದು ಹೋಗಲಿಲ್ಲ, ಅದೇ ಕೋಲು ಹಿಡಿದು ಹೋದ. ಮಾತು ಬರದ ಕೊರತೆಗೂ ನಾಲಿಗೆ ಸರಿ ಮಾಡಿಕೊಡಲಿಲ್ಲ ದೇವರು, ಅಣ್ಣ ಆರೋನನನ್ನು ಜೊತೆಗೆ ಕೊಟ್ಟ.

ಇದನ್ನು ನಿಮ್ಮ ವಿಷಯಕ್ಕೆ ತನ್ನಿ. ಹನ್ನೆರಡು ವರ್ಷದಿಂದ ನಿಮ್ಮ ಕೈಯಲ್ಲಿರುವುದು ಏನು? ಆ ವಿಭಾಗದ ಕೆಲಸ ಒಳಗಿನಿಂದ ಗೊತ್ತು. ಯಾವ ಹಂತದಲ್ಲಿ ಯಾರಿಗೆ ಕಷ್ಟವಾಗುತ್ತದೆ, ಯಾವ ಫೈಲು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಹಿಂದಿನ ಮುಖ್ಯಸ್ಥರ ಯಾವ ಪದ್ಧತಿಯಿಂದ ಎಲ್ಲರೂ ಒಳಗೊಳಗೇ ಬೇಸತ್ತಿದ್ದರು ಅನ್ನುವುದು ಹೊರಗಿನಿಂದ ಬರುವ ಯಾವ ಬುದ್ಧಿವಂತರಿಗೂ ಗೊತ್ತಿರುವುದಿಲ್ಲ. ಅದು ನಿಮ್ಮ ಕೋಲು. ಇನ್ನು ಆರೋನ ಯಾರು ಅಂತ ನೋಡಿ. ನನ್ನನ್ನು ಕೇಳಿದರೆ, ನಿಮಗೆ ಕೆಲಸ ಕಲಿಸಿದ ಆ ಹಿರಿಯರೇ. ನೀವು ಅವರಿಗೇ ಎಲ್ಲರಿಗಿಂತ ಜಾಸ್ತಿ ಹೆದರಿದ್ದೀರಿ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಸೋಮವಾರದವರೆಗೆ ಕಾಯಬೇಡಿ. ಅದಕ್ಕೆ ಮುಂಚೆ ಅವರ ಹತ್ತಿರ ಒಬ್ಬರೇ ಹೋಗಿ ಕೂತು, ‘ನೀವು ಕಲಿಸಿದ್ದರಿಂದಲೇ ಇಲ್ಲಿಗೆ ಬಂದಿದ್ದೇನೆ, ಈಗ ನನಗೆ ನಿಮ್ಮ ಸಹಾಯ ಬೇಕು, ನಾನು ತಪ್ಪಿದರೆ ನನ್ನ ಮುಖಕ್ಕೇ ಹೇಳಿ’ ಅನ್ನಿ. ಅವರು ಮನಸ್ಸಿನಲ್ಲಿ ಬೇಸರ ಇಟ್ಟುಕೊಂಡಿದ್ದರೂ ಇರಬಹುದು. ಆ ಕುರ್ಚಿ ತಮಗೆ ಬರಬೇಕಿತ್ತು ಅಂತ ಅನಿಸಿದ್ದರೂ ಇರಬಹುದು. ಆದರೂ ಹೋಗಿ. ಆ ಹತ್ತು ನಿಮಿಷಕ್ಕೆ ಬೇಕಾಗುವ ಧೈರ್ಯ ಮೀಟಿಂಗಿಗೆ ಬೇಕಾದದ್ದಕ್ಕಿಂತ ದೊಡ್ಡದು, ಅದಾದ ಮೇಲೆ ಮೀಟಿಂಗ್ ಅಷ್ಟು ಭಾರ ಅನಿಸುವುದಿಲ್ಲ.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಒಂದು ತಂಡದ ಜವಾಬ್ದಾರಿ ನನ್ನ ಮೇಲೆ ಬಿದ್ದಾಗ ಮೂರು ವಾರ ಒಂದೇ ಪ್ರಾರ್ಥನೆ ಮಾಡಿದ್ದೆ, ಈ ಭಯ ತೆಗೆದುಬಿಡು ಅಂತ. ತೆಗೆಯಲಿಲ್ಲ. ಎದ್ದು ನಿಂತಾಗ ಕೈಯಲ್ಲಿದ್ದ ಹಾಳೆ ನಡುಗಿ ಪರಪರ ಅನ್ನುವ ಸದ್ದು ಮುಂದಿನ ಸಾಲಿನವರಿಗೆಲ್ಲ ಕೇಳುತ್ತಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದೆ. ಆಗ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿ, ‘ನಿಧಾನವಾಗಿ ಹೇಳಮ್ಮ, ನಮಗೇನೂ ಅವಸರ ಇಲ್ಲ’ ಅಂದರು. ಅವರು ನನ್ನ ಜಾಗಕ್ಕೆ ಪೈಪೋಟಿ ಮಾಡಿದ್ದವರು. ಆ ಲೋಟ ಕೈಗೆ ಬಂದಾಗ ಕಣ್ಣು ತುಂಬಿತು. ಮೂರು ವಾರದ ಪ್ರಾರ್ಥನೆಗೆ ಉತ್ತರ ಬಂದದ್ದು ಹೀಗೆ ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಅದಕ್ಕೇ ಹೇಳುವುದು, ಪ್ರಾರ್ಥನೆಯನ್ನು ಸ್ವಲ್ಪ ಬದಲಾಯಿಸಿ ನೋಡಿ. ಬೈಬಲಿನಲ್ಲಿ ಬರುವ ಇಸ್ರೇಲಿನ ದೊರೆ ಸೊಲೊಮೋನ ಪಟ್ಟಕ್ಕೆ ಬಂದ ಹೊಸದರಲ್ಲಿ, ಏನು ಬೇಕು ಕೇಳು ಅಂತ ದೇವರು ಕನಸಿನಲ್ಲಿ ಹೇಳಿದಾಗ ಅವನು ಆಯುಸ್ಸು ಕೇಳಲಿಲ್ಲ, ಶತ್ರುಗಳ ಸೋಲು ಕೇಳಲಿಲ್ಲ. ನಾನಿನ್ನೂ ಚಿಕ್ಕವನು, ನನಗೆ ಜನರನ್ನು ನಡೆಸಲು ತಿಳಿಯದು ಅಂತ ಒಪ್ಪಿಕೊಂಡು ವಿವೇಕವನ್ನು ಕೇಳಿದ. ಮೂಲ ಹೀಬ್ರೂ ಮಾತಿನ ಅರ್ಥ ‘ಕೇಳಿಸಿಕೊಳ್ಳುವ ಹೃದಯ’. ಎಷ್ಟು ಚೆಂದ ಇದೆ ನೋಡಿ. ಸೋಮವಾರ ಬೆಳಿಗ್ಗೆ ಅದನ್ನೇ ಕೇಳಿಕೊಳ್ಳಿ. ಕೇಳಿಸಿಕೊಳ್ಳಲು ಹೋಗುವವರಿಗೆ ಒಂದು ಅನುಕೂಲ ಇದೆ, ಎಲ್ಲ ಗೊತ್ತಿರುವವರ ಹಾಗೆ ತೋರಿಸಿಕೊಳ್ಳುವ ಕಷ್ಟ ತಪ್ಪುತ್ತದೆ, ಅರ್ಧ ಭಯ ಇರುವುದೇ ಆ ತೋರಿಕೆಯಲ್ಲಿ.

ಮಾರ್ಟಿನ್ ಲೂಥರ್ ಕಿಂಗ್ ಅವರ ಬದುಕಿನ ಒಂದು ರಾತ್ರಿಯನ್ನೂ ನೆನಪಿಟ್ಟುಕೊಳ್ಳಿ. 1955ರ ಡಿಸೆಂಬರ್ 5ರಂದು ಅಮೆರಿಕದ ಮಾಂಟ್ಗೊಮೆರಿಯಲ್ಲಿ, ಕಪ್ಪು ಜನರನ್ನು ಬೇರೆ ಕೂರಿಸುತ್ತಿದ್ದ ಬಸ್ಸುಗಳನ್ನು ಹತ್ತುವುದಿಲ್ಲ ಅನ್ನುವ ಬಹಿಷ್ಕಾರದ ಮುಂದಾಳು ಅಂತ ಅವರನ್ನು ಆರಿಸಿದಾಗ ವಯಸ್ಸು 26. ಅವತ್ತೇ ಸಂಜೆ ಸಾವಿರಾರು ಜನರ ಮುಂದೆ ಮಾತಾಡಬೇಕಿತ್ತು. ತಯಾರಿಗೆ ಸಿಕ್ಕಿದ್ದು ಸುಮಾರು 20 ನಿಮಿಷ. ಮುಂದಿನ ಜನವರಿಯಲ್ಲಿ ಒಂದು ನಡುರಾತ್ರಿ ಕೊಲೆ ಬೆದರಿಕೆಯ ಫೋನ್ ಬಂತು. ನಿದ್ದೆ ಹತ್ತದೆ ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡರು. ಕಪ್ಪು ಮುಂದೆ ಇತ್ತು, ಕುಡಿಯಲಾಗಲಿಲ್ಲ. ಹೇಡಿ ಅನ್ನಿಸಿಕೊಳ್ಳದೆ ಈ ಹೊಣೆಯಿಂದ ಹೇಗೆ ಬಿಡಿಸಿಕೊಳ್ಳಲಿ ಅಂತ ಯೋಚಿಸುತ್ತಿದ್ದರಂತೆ. ಕೊನೆಗೆ ಮೇಜಿನ ಮೇಲೆ ತಲೆ ಬಗ್ಗಿಸಿ ಗಟ್ಟಿಯಾಗಿಯೇ ಪ್ರಾರ್ಥಿಸಿದರು, ನನಗೆ ಹೆದರಿಕೆಯಾಗಿದೆ, ಜನ ನನ್ನ ಮುಖ ನೋಡುತ್ತಿದ್ದಾರೆ, ನನ್ನಲ್ಲಿ ಶಕ್ತಿ ಉಳಿದಿಲ್ಲ ಅಂತ. ಆಗ ದೇವರು ಹತ್ತಿರವೇ ಇರುವುದು ಹಿಂದೆಂದೂ ಇಲ್ಲದ ಹಾಗೆ ಅನುಭವಕ್ಕೆ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಮೂರು ದಿನದಲ್ಲಿ ಅವರ ಮನೆಗೆ ಬಾಂಬ್ ಬಿತ್ತು. ಕಷ್ಟ ಏನೂ ಕಮ್ಮಿ ಆಗಲಿಲ್ಲ, ಅವರು ಮಾತ್ರ ಕೆರಳಿ ನಿಂತ ಜನರನ್ನು ಸಮಾಧಾನ ಮಾಡಿ ಮನೆಗೆ ಕಳಿಸಿದರು. ಬಹಿಷ್ಕಾರ 381 ದಿನ ನಡೆಯಿತು.

ನಿಮ್ಮ ಎದೆ ಡವಡವ ಅನ್ನುತ್ತಿದ್ದರೆ ಅನ್ನಲಿ. ನೀವು ಹೋಗಿ ಕೂತುಕೊಳ್ಳಿ.

ಪ್ರಶ್ನೆ: ನಮ್ಮ ಸಂಘದ ಅಧ್ಯಕ್ಷನಾಗಿ ಆಯ್ಕೆಯಾಗಿದ್ದೇನೆ. ನನಗೆ ಎಲ್ಲದಕ್ಕೂ ಧೈರ್ಯ ಕೊಡುವುದು ನನ್ನ ದೈವಭಕ್ತಿ. ಆದರೆ ಸಂಘದಲ್ಲಿ ಬೇರೆ ಬೇರೆ ಧರ್ಮದವರಿದ್ದಾರೆ, ದೇವರನ್ನು ನಂಬದವರೂ ಇದ್ದಾರೆ. ನನ್ನ ನಂಬಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಹೋಗಬೇಕಾ? ಹಾಗೆ ಮಾಡಿದರೆ ಮೋಸ ಮಾಡಿದ ಹಾಗೆ ಅನಿಸುತ್ತದೆ.

ಉತ್ತರ: ಹೊರಗೆ ಬಿಡಬೇಡಿ, ಬಿಡಲೂ ಆಗುವುದಿಲ್ಲ. ಆದರೆ ನಿಮ್ಮ ಭಕ್ತಿ ನಿಮ್ಮ ಬೆನ್ನಿಗೆ ಇರಲಿ, ಅವರ ತಲೆಯ ಮೇಲೆ ಬೇಡ. ಸಭೆಗೆ ಮುಂಚೆ ಒಬ್ಬರೇ ಕಣ್ಣುಮುಚ್ಚಿ ಪ್ರಾರ್ಥಿಸಿ, ಯಾರಾದರೂ ಕೇಳಿದರೆ ಹೌದು ಅಂತ ನೇರವಾಗಿ ಹೇಳಿ. ಎಲ್ಲರನ್ನೂ ಎದ್ದು ನಿಲ್ಲಿಸುವುದು ಬೇಡ. ಇನ್ನೊಂದು ವಿಷಯದಲ್ಲಿ ತುಂಬಾ ಎಚ್ಚರ ಇರಲಿ. ಚರ್ಚೆ ಬಿಸಿಯಾದಾಗ ‘ಇದು ದೇವರ ಇಚ್ಛೆ, ನನ್ನ ಮನಸ್ಸಿಗೆ ಹಾಗೆ ಪ್ರೇರಣೆಯಾಗಿದೆ’ ಅಂತ ಹೇಳಿ ಬಾಯಿ ಮುಚ್ಚಿಸಬೇಡಿ. ಆ ಮಾತಿಗೆ ಯಾರೂ ಎದುರು ಹೇಳಲು ಆಗುವುದಿಲ್ಲ. ಎದುರು ಹೇಳಲು ಆಗದ ಕಡೆ ನಿಮ್ಮ ತಪ್ಪು ನಿಮಗೆ ಗೊತ್ತಾಗುವುದು ಹೇಗೆ?

ಪ್ರವಾದಿ ಮುಹಮ್ಮದರ ನಂತರ, 632ರಲ್ಲಿ, ಮೊದಲ ಖಲೀಫರಾದ, ಅಂದರೆ ಮುಸ್ಲಿಂ ಸಮುದಾಯದ ಮುಂದಾಳಾದ ಅಬೂಬಕ್ಕರ್ ಜನರ ಮುಂದೆ ನಿಂತು ಆಡಿದ ಮಾತು ಇಸ್ಲಾಮಿನ ಇತಿಹಾಸದಲ್ಲಿ ಪ್ರಸಿದ್ಧ. ನಿಮ್ಮೆಲ್ಲರಲ್ಲಿ ನಾನೇ ಉತ್ತಮ ಅಂತೇನೂ ಅಲ್ಲ, ಸರಿ ನಡೆದರೆ ಸಹಾಯ ಮಾಡಿ, ತಪ್ಪಿದರೆ ತಿದ್ದಿ ಅಂದರು. ಭಕ್ತಿ ಕೊಡುವ ಧೈರ್ಯ ಇದೇ, ತಿದ್ದಿಸಿಕೊಳ್ಳುವ ಧೈರ್ಯ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನೇ ನೋಡಿಕೊಳ್ಳುತ್ತಿದ್ದ ಬಸವಣ್ಣನವರು ‘ಎನಗಿಂತ ಕಿರಿಯರಿಲ್ಲ’ ಅಂದರಲ್ಲ, ಅಷ್ಟು ದೊಡ್ಡ ಅಧಿಕಾರದಲ್ಲಿ ಕೂತು ಆ ಮಾತು ಹೇಳಬೇಕಾದರೆ ಒಳಗೆ ಎಷ್ಟು ಗಟ್ಟಿ ಇರಬೇಕು ಯೋಚಿಸಿ. ನಂಬದವರಿಗೂ ನಿಮ್ಮ ನಂಬಿಕೆ ಕಾಣಲಿ ಅಂತ ಆಸೆ ಇದ್ದರೆ ಲೆಕ್ಕಪತ್ರ ಎಲ್ಲರಿಗೂ ತೆರೆದಿಡಿ, ನಿಮಗೆ ಮತ ಹಾಕದವರ ಕೆಲಸವನ್ನೂ ಅಷ್ಟೇ ಬೇಗ ಮಾಡಿಕೊಡಿ.

ಪ್ರಶ್ನೆ: ಧೈರ್ಯ ಮಾಡಿ ತಂಡದ ಮುಂದಾಳು ಆದೆ. ದೇವರ ಮೇಲೆ ಭಾರ ಹಾಕಿ ಒಂದು ತೀರ್ಮಾನ ತೆಗೆದುಕೊಂಡೆ, ಅದು ಪೂರ್ತಿ ನೆಲಕಚ್ಚಿತು. ನನ್ನಿಂದ ಬೇರೆಯವರಿಗೂ ಬೈಗುಳ ಬಿತ್ತು. ದೇವರು ಕೈಬಿಟ್ಟ ಅಂತ ಅನಿಸುತ್ತಿದೆ. ಬಿಟ್ಟುಬಿಡಲಾ?

ಉತ್ತರ: ನೋವು ಅರ್ಥವಾಗುತ್ತದೆ. ಬೇರೆಯವರಿಗೆ ಬೈಗುಳ ಬಿತ್ತು ಅಂತ ಕೊರಗುತ್ತಿದ್ದೀರಲ್ಲ, ಅಂಥವರು ಮುಂದೆ ನಿಲ್ಲಬೇಕು ಅಂತಲೇ ನನ್ನ ಆಸೆ. ಸಿಟ್ಟಿನಲ್ಲೋ ದುಃಖದಲ್ಲೋ ಈ ವಾರ ರಾಜೀನಾಮೆ ಕೊಡಬೇಡಿ.

ದೇವರ ಮೇಲೆ ಭಾರ ಹಾಕುವುದು ಅಂದರೆ ಫಲದ ಭಾರ ಹಾಕುವುದು. ತಯಾರಿಯ ಭಾರ ನಮ್ಮದೇ. ಇದನ್ನು ಸುಮ್ನೆ ಹೇಳುತ್ತಿಲ್ಲ, ಗಾಂಧೀಜಿಯಂಥವರೂ ಇಲ್ಲಿ ಎಡವಿದ್ದಾರೆ. 1919ರಲ್ಲಿ ರೌಲತ್ ಕಾಯ್ದೆಯ ವಿರುದ್ಧ ಸತ್ಯಾಗ್ರಹಕ್ಕೆ ಕರೆ ಕೊಟ್ಟಾಗ ಕೆಲವು ಕಡೆ ಹಿಂಸೆ ನಡೆಯಿತು. ಜನರನ್ನು ತಯಾರು ಮಾಡುವ ಮುಂಚೆಯೇ ಕರೆ ಕೊಟ್ಟೆ, ಇದು ಹಿಮಾಲಯದಂಥ ತಪ್ಪು ಅಂತ ಅವರು ಬಹಿರಂಗವಾಗಿ ಒಪ್ಪಿಕೊಂಡರು, ಸತ್ಯಾಗ್ರಹವನ್ನು ನಿಲ್ಲಿಸಿದರು. ಅಂಥ ತಪ್ಪು ಒಪ್ಪಿಕೊಂಡ ಮೇಲೂ ಜನ ಅವರ ಹಿಂದೆ ಬಂದರು.

ನೀವು ತೆಗೆದುಕೊಂಡ ತೀರ್ಮಾನ ಯಾವುದು ಅಂತ ಬರೆದಿಲ್ಲ, ಹಾಗಾಗಿ ಅದರ ಬಗ್ಗೆ ಏನೂ ಹೇಳಲಾರೆ. ಆದರೆ ಒಂದು ಹಾಳೆ ತೆಗೆದುಕೊಂಡು ಎರಡು ಸಾಲು ಬರೆಯಿರಿ. ನನ್ನ ಕೈಯಲ್ಲಿ ಇದ್ದು ನಾನು ಮಾಡದೇ ಹೋದದ್ದು ಯಾವುದು, ನನ್ನ ಕೈಯಲ್ಲಿ ಇರದೇ ಇದ್ದದ್ದು ಯಾವುದು. ಎರಡನೆಯದನ್ನು ದೇವರಿಗೆ ಬಿಡಿ. ಮೊದಲನೆಯದನ್ನು ತಂಡದ ಎದುರು ಓದಿ, ಬೈಗುಳ ತಿಂದವರ ಹೆಸರು ಹಿಡಿದು ಕ್ಷಮೆ ಕೇಳಿ. ಅವರು ಏನಂದರು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.