ಸೋರಿದ ಇಮೇಲ್ ಅಸಲಿಯೇ ಆದರೆ ನಂಬಬಾರದೇಕೆ?

ಪ್ರಶ್ನೆ: 2016ರ ಅಮೆರಿಕ ಚುನಾವಣೆಯ ಇಮೇಲ್ ಹಗರಣದ ಬಗ್ಗೆ ಒಬ್ಬರು ಹಿಲರಿ ಕ್ಲಿಂಟನ್ ಅವರ ಖಾಸಗಿ ಸರ್ವರ್ ಎನ್ನುತ್ತಾರೆ, ಇನ್ನೊಬ್ಬರು ರಷ್ಯಾ ಕದ್ದದ್ದು ಎನ್ನುತ್ತಾರೆ. ಯಾವುದು ನಿಜ? ಸೋರಿದ ಮೇಲ್ ನಕಲಿಯಲ್ಲ ಎಂದಾದರೆ ನಂಬುವುದರಲ್ಲಿ ತಪ್ಪೇನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ನಿಜ, ಆದರೆ ಅವು ಬೇರೆ ಬೇರೆ ಪ್ರಕರಣಗಳು. ವಿದೇಶಾಂಗ ಸಚಿವೆಯಾಗಿದ್ದಾಗ ಹಿಲರಿ ಸರ್ಕಾರಿ ಕೆಲಸಕ್ಕೆ ಖಾಸಗಿ ಸರ್ವರ್ ಬಳಸಿದ್ದರು. ಅದನ್ನು ಎಫ್‌ಬಿಐ ತನಿಖೆ ಮಾಡಿತು. ಕಳುವಾಗಿದ್ದು ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಮತ್ತು ಹಿಲರಿ ಪ್ರಚಾರ ಸಮಿತಿಯ ಅಧ್ಯಕ್ಷ ಜಾನ್ ಪೊಡೆಸ್ಟಾ ಅವರ ಮೇಲ್‌ಗಳು. ಎರಡಕ್ಕೂ ಇಮೇಲ್ ಎಂಬ ಒಂದೇ ಹಣೆಪಟ್ಟಿ ಬಿದ್ದು, ಜನರ ಮನಸ್ಸಿನಲ್ಲಿ ಬೆರೆತುಹೋದವು. ಹಿಲರಿಗೆ ಬಿದ್ದ ದೊಡ್ಡ ಏಟು ಈ ಗೊಂದಲವೇ ಎಂಬುದು ನನ್ನ ಅಭಿಪ್ರಾಯ.

ಕಳವು ನಡೆದ ರೀತಿ ತೀರಾ ಸರಳ. 2016ರ ಮಾರ್ಚ್ 19ರಂದು ಪೊಡೆಸ್ಟಾಗೆ ಗೂಗಲ್ ಹೆಸರಿನಲ್ಲಿ ಎಚ್ಚರಿಕೆಯೊಂದು ಬಂತು: ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ, ಕೂಡಲೇ ಬದಲಿಸಿ. ಕೆಳಗೆ ನೀಲಿ ಬಟನ್. ಸಹಾಯಕರು ಕಂಪ್ಯೂಟರ್ ವಿಭಾಗವನ್ನು ಕೇಳಿದರೆ ‘ಇದು ಅಸಲಿ’ ಎಂಬ ಉತ್ತರ. ನಕಲಿ ಎಂದು ಬರೆಯಲು ಹೋಗಿ ಹಾಗಾಯಿತೆಂದು ಆ ನೌಕರ ಆಮೇಲೆ ಹೇಳಿದರು. ಅಷ್ಟರಲ್ಲಿ ಆ ನಕಲಿ ಎಚ್ಚರಿಕೆಯ ಬಲೆಗೆ ಬಿದ್ದು 50,000ಕ್ಕೂ ಹೆಚ್ಚು ಮೇಲ್‌ಗಳು ಕೈಬಿಟ್ಟಿದ್ದವು. ಇದು ರಷ್ಯಾದ ಸೇನಾ ಗುಪ್ತಚರ ಸಂಸ್ಥೆ ಜಿಆರ್‌ಯು ಕೆಲಸವೆಂದು 2018ರ ಜುಲೈನಲ್ಲಿ ಅದರ 12 ಅಧಿಕಾರಿಗಳ ಮೇಲೆ ಅಮೆರಿಕ ದೋಷಾರೋಪ ಹೊರಿಸಿತು. ರಷ್ಯಾ ಅಲ್ಲಗಳೆಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮೇಲ್ ಅಸಲಿಯೇ ಇರಲಿ, ಯಾವುದನ್ನು ಯಾವತ್ತು ಹೊರಬಿಡಬೇಕೆಂದು ತೀರ್ಮಾನಿಸಿದವರು ಯಾರು? ಪಕ್ಷದ ಸಮಿತಿಯ ಸುಮಾರು 20,000 ಮೇಲ್‌ಗಳನ್ನು ಗುಪ್ತ ದಾಖಲೆಗಳನ್ನು ಬಯಲು ಮಾಡುವ ಜಾಲತಾಣ ವಿಕಿಲೀಕ್ಸ್ ಪ್ರಕಟಿಸಿದ್ದು ಜುಲೈ 22ರಂದು, ಹಿಲರಿಯನ್ನು ಅಭ್ಯರ್ಥಿಯಾಗಿ ಆರಿಸುವ ಪಕ್ಷದ ಫಿಲಡೆಲ್ಫಿಯಾ ಸಮಾವೇಶಕ್ಕೆ ಮೂರೇ ದಿನ ಮೊದಲು. ಪಕ್ಷದ ಅಧ್ಯಕ್ಷೆ ರಾಜೀನಾಮೆ ಘೋಷಿಸಬೇಕಾಯಿತು. ಅಕ್ಟೋಬರ್ 7ರ ಸಂಜೆ, ಹೆಂಗಸರ ಬಗ್ಗೆ ಟ್ರಂಪ್ ಆಡಿದ್ದ ಅಸಹ್ಯ ಮಾತಿನ ವಿಡಿಯೊ ಬಯಲಾಯಿತು. ಒಂದು ಗಂಟೆಯೊಳಗೆ ಪೊಡೆಸ್ಟಾ ಮೇಲ್‌ಗಳ ಮೊದಲ ಕಂತು ಬಂತು! ಅಲ್ಲಿಂದ ಮತದಾನದವರೆಗೆ ಹೆಚ್ಚೂಕಡಿಮೆ ದಿನವೂ ಒಂದೊಂದು ಕಂತು. ಒಟ್ಟಿಗೆ ಸುರಿದಿದ್ದರೆ ಎರಡು ದಿನದ ಸುದ್ದಿಯಾಗುತ್ತಿದ್ದದ್ದು ಒಂದು ತಿಂಗಳು ಓಡಿತು.

ಅವುಗಳಲ್ಲಿ ಜನರಿಗೆ ತಿಳಿಯಲೇಬೇಕಾದ ಸಂಗತಿಗಳೂ ಇದ್ದವು. ಸಿಎನ್‌ಎನ್ ಕಾರ್ಯಕ್ರಮದ ಪ್ರಶ್ನೆಯೊಂದನ್ನು ಆ ವಾಹಿನಿಯ ವಿಶ್ಲೇಷಕಿಯೂ ಡೆಮಾಕ್ರಟಿಕ್ ಪಕ್ಷದ ನಾಯಕಿಯೂ ಆಗಿದ್ದ ಡೊನ್ನಾ ಬ್ರೆಜೀಲ್ ಹಿಲರಿ ತಂಡಕ್ಕೆ ಮೊದಲೇ ತಿಳಿಸಿದ್ದು ಹೊರಬಂದದ್ದು ಒಳ್ಳೆಯದೇ ಆಯಿತು. ಆದರೆ ಅದೇ ರಾಶಿಯಲ್ಲಿದ್ದ ಪಿಜ್ಜಾ ಎಂಬ ಪದವನ್ನು ಮಕ್ಕಳ ಕಳ್ಳಸಾಗಣೆಯ ಗುಪ್ತಸಂಕೇತವೆಂದು ಕೆಲವರು ಹಬ್ಬಿಸಿದರು. ಡಿಸೆಂಬರ್ 4ರಂದು ಒಬ್ಬಾತ ರೈಫಲ್ ಹಿಡಿದು ವಾಷಿಂಗ್ಟನ್‌ನ ಪಿಜ್ಜಾ ಅಂಗಡಿಗೆ ನುಗ್ಗಿ ಗುಂಡು ಹಾರಿಸಿದ. ಯಾರಿಗೂ ಪೆಟ್ಟಾಗಲಿಲ್ಲ. ಮಕ್ಕಳನ್ನು ಕೂಡಿಹಾಕಿದ್ದಾರೆಂದು ಹೇಳಲಾದ ನೆಲಮಾಳಿಗೆ ಆ ಅಂಗಡಿಗೆ ಇರಲೇ ಇಲ್ಲ. ಬೇರೆಯವರ ಖಾಸಗಿ ಮಾತನ್ನು ಹಿಂದುಮುಂದು ತಿಳಿಯದೆ ಓದಿದರೆ ಬೇಕಾದ ಅರ್ಥ ಹುಟ್ಟಿಸಬಹುದು. ಹಾಗಾಗಿ ಒಂದು ಸಾಲು ಕಂಡು ಸಿಟ್ಟು ಬಂದಾಗ, ಆ ಮೇಲ್‌ಗೆ ಬಂದ ಉತ್ತರವನ್ನೂ ಓದಿ.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಬರುವ ಇಮೇಲ್ ಸ್ಕ್ರೀನ್‌ಶಾಟ್ ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಬರೀ ಚಿತ್ರದಿಂದ ತಿಳಿಯಲಾಗದು. ಮೂಲ ಮೇಲ್ ಕಡತದಲ್ಲಿ ಡಿಕೆಐಎಂ ಎಂಬ ಡಿಜಿಟಲ್ ಸಹಿ ಸಾಮಾನ್ಯವಾಗಿ ಇರುತ್ತದೆ. ಮೇಲ್ ಕಳಿಸಿದ ಸರ್ವರ್ ಅದನ್ನು ಹಾಕುತ್ತದೆ. ಸಹಿಯ ವ್ಯಾಪ್ತಿಯಲ್ಲಿ ಒಂದಕ್ಷರ ತಿದ್ದಿದರೂ ತಾಳೆಯಾಗುವುದಿಲ್ಲ. ಪೊಡೆಸ್ಟಾ ಮೇಲ್‌ಗಳಲ್ಲಿ ಹಲವನ್ನು ತಂತ್ರಜ್ಞರು ಹೀಗೆಯೇ ಪರಿಶೀಲಿಸಿದರು. ಸ್ಕ್ರೀನ್‌ಶಾಟ್‌ನಲ್ಲಿ ಆ ಸಹಿ ಉಳಿಯುವುದಿಲ್ಲ.

ಅಸಲಿಯೋ ನಕಲಿಯೋ ತಿಳಿಯದಾಗ ಏನು ಮಾಡಬಹುದು ಎಂಬುದಕ್ಕೆ ಒಂದು ಉದಾಹರಣೆ. 2017ರ ಮೇ 5ರಂದು, ಫ್ರಾನ್ಸ್‌ನ ಅಧ್ಯಕ್ಷ ಚುನಾವಣೆಯ ಅಂತಿಮ ಸುತ್ತಿನ ಮತದಾನಕ್ಕೆ ಎರಡು ದಿನವಿರುವಾಗ, ಅಭ್ಯರ್ಥಿ ಮ್ಯಾಕ್ರನ್ ತಂಡದ ಸುಮಾರು 9 ಜಿಬಿ ದಾಖಲೆ ಸೋರಿತು. ಅಸಲಿಯ ಜೊತೆ ನಕಲಿಯೂ ಬೆರೆತಿದೆ ಎಂದಿತು ತಂಡ. ಪ್ರಕಟಿಸಬೇಡಿ ಎಂದು ಚುನಾವಣಾ ಮೇಲ್ವಿಚಾರಣಾ ಆಯೋಗ ಮಾಧ್ಯಮಗಳನ್ನು ಕೇಳಿಕೊಂಡಿತು. ಲ ಮೊಂದ್ ಪತ್ರಿಕೆ ಮತದಾನಕ್ಕೆ ಮೊದಲು ಇವುಗಳನ್ನು ಮುಟ್ಟುವುದಿಲ್ಲ, ಹುರುಳಿದ್ದರೆ ಪರಿಶೀಲಿಸಿ ಆಮೇಲೆ ಪ್ರಕಟಿಸುತ್ತೇವೆ ಎಂದು ಓದುಗರಿಗೆ ತಿಳಿಸಿತು.