ವೀರನ ಯಾನದ ಹಂತಗಳನ್ನು ಹಿಡಿದು ನಮ್ಮಂಥವರ ಬದುಕನ್ನು ಬರೆಯಬಹುದೇ?

ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವರು ನೀವು. ತಂದೆಯವರು ತೀರಿಕೊಂಡ ವರ್ಷ ಓದು ನಿಲ್ಲಿಸಿ ಅವರ ಜಾಗದಲ್ಲಿಯೇ ಕೆಲಸಕ್ಕೆ ಕುಳಿತಿದ್ದೀರಿ, ಊರು ಬಿಟ್ಟು ಎಲ್ಲಿಯೂ ಹೋಗಿಲ್ಲ. ಇಂಥ ಬದುಕನ್ನು ಬರೆಯಲು ವೀರನ ಯಾನದ, ಎಂದರೆ ಪುರಾಣದ ವೀರ ಮನೆ ಬಿಟ್ಟು ಹೊರಟು, ಪರೀಕ್ಷೆಗಳನ್ನು ದಾಟಿ, ಬದಲಾಗಿ ಮರಳುವ ಕಥಾವಿನ್ಯಾಸದ ಹಂತಗಳು ಉಪಯೋಗಕ್ಕೆ ಬಂದಾವೇ ಎಂದು ಕೇಳಿದ್ದೀರಿ. ಖಂಡಿತ ಬರುತ್ತವೆ ಎಂಬುದು ನನ್ನ ಅನುಭವ. ಆದರೆ ಅರ್ಜಿ ನಮೂನೆಯ ಖಾಲಿ ಜಾಗಗಳನ್ನು ತುಂಬಿದಂತೆ ಅವುಗಳನ್ನು ಒಂದೊಂದಾಗಿ ತುಂಬುತ್ತ ಹೋದರೆ ಬರಹ ಒಣಗಿಹೋಗುತ್ತದೆ. ಪ್ರತಿ ಹಂತವನ್ನೂ ನಮ್ಮನ್ನು ನಾವೇ ಕೇಳಿಕೊಳ್ಳುವ ಪ್ರಶ್ನೆಯನ್ನಾಗಿ ಮಾಡಿಕೊಳ್ಳಬೇಕು.

ಅಮೆರಿಕದ ಪುರಾಣ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಈ ವಿನ್ಯಾಸವನ್ನು ವಿವರಿಸುವಾಗ 17 ಹಂತಗಳನ್ನು ಗುರುತಿಸಿ, ಅವುಗಳನ್ನು ಅಗಲಿಕೆ, ದೀಕ್ಷೆ, ಮರಳುವಿಕೆ ಎಂಬ ಮೂರು ಭಾಗಗಳಲ್ಲಿ ಜೋಡಿಸಿದರು. ಮುಂದೆ ಹಾಲಿವುಡ್‌ನ ಕಥಾ ಸಲಹೆಗಾರ ಕ್ರಿಸ್ಟೋಫರ್ ವೋಗ್ಲರ್ ಚಿತ್ರಕಥೆಯ ಕೆಲಸಕ್ಕೆಂದು ಅವನ್ನು 12ಕ್ಕೆ ಇಳಿಸಿದರು. ಸ್ವಂತ ಬದುಕನ್ನು ಬರೆಯುವವರಿಗೆ ಅಷ್ಟೂ ಬೇಕಾಗುವುದಿಲ್ಲ. ನನ್ನ ಕೈಹಿಡಿದವು ಎರಡೇ: ಹೊರಡೆಂದು ಬಂದ ಕರೆಗೆ ಒಲ್ಲೆನೆನ್ನುವ ಹಂತ ಮತ್ತು ಮನೆಗೆ ಮರಳುವ ಹಂತ.

ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವನು. ಬೀದರ್ ಜಿಲ್ಲೆಯ ಔರಾದ ಕಡೆಯ ಹಳ್ಳಿಯೊಂದಕ್ಕೆ ಶಿಕ್ಷಕನಾಗಿ ಹೋದದ್ದನ್ನು ಎಷ್ಟೋ ವರ್ಷ "ನೌಕರಿ ಸಿಕ್ಕಿತು, ಹೋದೆ" ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಿದ್ದೆ. ಒಮ್ಮೆ ಹಾಳೆಯ ತಲೆಯ ಮೇಲೆ "ನಾನು ಎಲ್ಲಿ ಹಿಂಜರಿದೆ?" ಎಂದು ಬರೆದುಕೊಂಡು ಕುಳಿತಾಗ, ಮರೆತೇಹೋಗಿದ್ದ ಒಂದು ಬೆಳಗು ನೆನಪಾಯಿತು. ತೊಗರಿ ರಾಶಿಯ ಕಾಲ. ಕಣದಲ್ಲಿ ಅಪ್ಪ ಒಬ್ಬನೇ ಇದ್ದ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ ನಿಲ್ದಾಣದಲ್ಲಿ ಕುಳಿತಿದ್ದ ನಾನು ಕಲಬುರಗಿಯ ಎರಡು ಬಸ್ಸುಗಳನ್ನು ಹತ್ತದೆ ಬಿಟ್ಟಿದ್ದೆ. ಎರಡನೆಯದರ ಕಂಡಕ್ಟರ್ "ಬರ್ತೀಯೇನಪಾ?" ಎಂದಾಗ ಇಲ್ಲವೆಂದು ತಲೆಯಾಡಿಸಿದ್ದೆ. ಮೂರನೆಯದನ್ನು ಹತ್ತಿ, ಜೇವರ್ಗಿ ದಾಟಿ ಭೀಮೆಯ ಸೇತುವೆ ಬಂದಾಗ ಗಂಟು ಬಿಚ್ಚಿ ರೊಟ್ಟಿ ಮುರಿದೆ, ತಿನ್ನಲು ಆಗಲಿಲ್ಲ. ಆ ಎರಡು ಬಸ್ಸುಗಳನ್ನು ಬರೆದ ಮೇಲೆಯೇ ನನ್ನ ಬರಹಕ್ಕೆ ಜೀವ ಬಂತು, ಏಕೆಂದರೆ ನಾನು ಏನನ್ನು ಬಿಟ್ಟು ಹೊರಟಿದ್ದೆ ಎಂಬುದು ಆ ಹಿಂಜರಿಕೆಯಲ್ಲಿ ಕಂಡಷ್ಟು ಬೇರೆಲ್ಲಿಯೂ ಕಾಣುತ್ತಿರಲಿಲ್ಲ.

ನಡುವಿನ ಪರೀಕ್ಷೆಗಳು, ನೆರವಾದವರು, ಎದುರಾದವರು ಇವೆಲ್ಲ ಬರೆಯುತ್ತ ಹೋದಂತೆ ತಾವಾಗಿಯೇ ಬರುತ್ತವೆ. ಮರಳುವ ಹಂತದಲ್ಲಿ ಮಾತ್ರ ನಿಧಾನಿಸಬೇಕು. ಪುರಾಣದ ವೀರ ಅಮೃತವನ್ನೋ ವರವನ್ನೋ ತರುತ್ತಾನೆ. ನಾನು ಏನು ತಂದೆ ಎಂದು ಕೇಳಿಕೊಂಡಾಗ ಮೊದಲು ಸಂಬಳದ ಹಣವಷ್ಟೇ ನೆನಪಾಗಿತ್ತು. ಇನ್ನೂ ಕೆದಕಿದಾಗ ದೀಪಾವಳಿ ರಜೆಯ ಒಂದು ಸಂಜೆ ಸಿಕ್ಕಿತು. ಅಳುತ್ತಿದ್ದ ಅಕ್ಕನ ಮಗುವನ್ನು ಎತ್ತಿಕೊಂಡು, ಶಾಲೆಯ ಮಕ್ಕಳೊಡನೆ ಆಡಿದ ರೂಢಿಯಿಂದ, "ಕಾಯ್ ಝಾಲಂ?" (ಏನಾಯಿತು?) ಎಂದು ಮರಾಠಿಯಲ್ಲಿ ಕೇಳಿಬಿಟ್ಟೆ. ಅವ್ವ ಅರ್ಧ ಬಡಿದ ರೊಟ್ಟಿಯ ಮೇಲೆ ಕೈಯಿಟ್ಟುಕೊಂಡೇ ನನ್ನನ್ನು ನೋಡುತ್ತ ಕುಳಿತಳು. ನಾನು ಬದಲಾಗಿದ್ದೇನೆಂದು ನನಗಿಂತ ಮೊದಲು ಅವಳಿಗೆ ತಿಳಿದಿತ್ತು.

ಮರಳುವಿಕೆ ಇಲ್ಲದ ಬದುಕೂ ಇದೆ. ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ನಮ್ಮ ಬಸವಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುವಿನ ಕಠಿಣ ಪ್ರಶ್ನೆಗಳನ್ನು ಎದುರಿಸಿದಳೆಂದು ಶೂನ್ಯಸಂಪಾದನೆ ಹೇಳುತ್ತದೆ. ವೀರ ಹೊಸ್ತಿಲು ದಾಟುವ ಹಂತದಲ್ಲಿ ಅವನನ್ನು ತಡೆದು ಪರೀಕ್ಷಿಸುವ ಕಾವಲುಗಾರನಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ಆಕೆ ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದಳು, ಉಡುತಡಿಗೆ ತಿರುಗಿ ಬರಲಿಲ್ಲ. ಆದ್ದರಿಂದ ನಿಮ್ಮ ಬದುಕಿನಲ್ಲಿ ಇಲ್ಲದ ಹಂತವನ್ನು ದಯವಿಟ್ಟು ಕಲ್ಪಿಸಿ ಸೇರಿಸಬೇಡಿ.

ಊರು ಬಿಡದಿರುವುದು ನಿಮಗೆ ಅಡ್ಡಿಯಾಗಬೇಕಿಲ್ಲ. ಓದು ನಿಲ್ಲಿಸಿದ್ದನ್ನು ನೀವು ಪ್ರಶ್ನೆಯಲ್ಲಿ ಅರ್ಧ ಸಾಲಿನಲ್ಲಿ ಹೇಳಿ ದಾಟಿದ್ದೀರಿ. ನಿಮಗೆ ಕರೆ ಬಂದದ್ದು ಅಲ್ಲಿಯೇ ಎಂದು ನನಗನ್ನಿಸುತ್ತದೆ. ಮೊದಲ ದಿನ ಮಿಲ್ಲಿನ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿರಿ, ಯಾರು ಒಳಗೆ ಕರೆದರು, ಆ ಖಾತೆ ಪುಸ್ತಕದಲ್ಲಿ ತಂದೆಯವರ ಅಕ್ಷರ ಯಾವ ಪುಟದಲ್ಲಿ ನಿಂತಿತ್ತು, ಅದರ ಕೆಳಗೆ ನೀವು ಬರೆದ ಮೊದಲ ಬಾಬತ್ತು ಯಾವುದು? ಇವತ್ತು ರಾತ್ರಿ ಅಷ್ಟನ್ನೇ ಬರೆಯಿರಿ.